ಚಿಗವ್ವನ ನಾಲಿಗೆಗೆ ಏನಾಯಿತು?

"ಸಾರು ಹೆಂಗಾಗೇತಿ?"

"ಚಲೋ ಆಗೇತಿ."

"ಚಲೋ ಅಂದ್ರ? ಉಪ್ಪ ಮೊದಲ ಹತ್ತತೈತೋ, ಹುಳಿ ಮೊದಲ ಹತ್ತತೈತೋ?"

ನಾನು ಇನ್ನೊಂದು ಚಮಚ ಬಾಯಿಗೆ ಹಾಕಿಕೊಂಡೆ. ಐವತ್ತರ ಹತ್ತಿರ ಬಂದಿದ್ದೇನೆ, ದಿನಕ್ಕೆರಡು ಸಲ ಸಾರು ಉಂಡಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. (ನೀವು ಹೇಳಿ ನೋಡೋಣ, ನಿನ್ನೆಯ ಸಾರಿನಲ್ಲಿ ಯಾವುದು ಮೊದಲು ಹತ್ತಿತು?)

ಕೇಳಿದವಳು ನೀಲವ್ವ. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ. ಬೈಲಹೊಂಗಲದಿಂದ ಮುನವಳ್ಳಿಯವರೆಗೆ ಮದುವೆ ಇರಲಿ, ಬಸುರಿಯ ಕುಬಸ ಇರಲಿ, ಅಡುಗೆಗೆ ಅವಳೇ ಬೇಕು. ಐನೂರು ಮಂದಿಗೆ ಗೋಧಿ ಹುಗ್ಗಿ ಬೇಯುತ್ತಿದ್ದರೆ ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ನೆಕ್ಕಿ, "ಇನ್ನ ಸ್ವಲ್ಪ ಬೆಲ್ಲ" ಅಂದರೆ ಮುಗಿಯಿತು. ಅವಳು ಅಳತೆ ಮಾಡಿದ್ದನ್ನು ನಾನು ಕಂಡಿಲ್ಲ.

ಅಂಥವಳಿಗೆ ಕಳೆದ ವರ್ಷ ದೊಡ್ಡ ಕರುಳಿನ ಕ್ಯಾನ್ಸರ್. ಬೆಳಗಾವಿಯಲ್ಲಿ ಆಪರೇಷನ್ ಮಾಡಿ ಕೆಟ್ಟ ಭಾಗ ತೆಗೆದರು. ಅದರ ಮೇಲೆ ಕೀಮೋಥೆರಪಿ ಬೇಕೆಂದರು, ತಿಂಗಳಿಗೆ ಐದು ದಿನದಂತೆ ಆರು ಸಲ. ಚಿಗವ್ವನ ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ. ನಮ್ಮ ಮನೆಗೇ ಕರೆತಂದೆವು.

"ಎಲ್ಲಾ ತಗದೇವಿ ಅಂತೀರಿ, ಮತ್ತ ಔಷಧ ಯಾಕ್ರಿ?" ಎಂದು ಅವಳು ಡಾಕ್ಟರನ್ನು ಕೇಳಿದಳು.

"ಕಣ್ಣಿಗೆ ಕಾಣದ್ದು ಉಳದಿದ್ರ ಅಂತ್ರಿ, ಅಮ್ಮಾ. ಕೂದಲಾ ಸ್ವಲ್ಪ ಉದರಬಹುದು."

"ಉದರಲಿ ಬಿಡ್ರಿ. ಹುಗ್ಗಿಯೊಳಗ ಬೀಳೂದರ ತಪ್ಪತೈತಿ."

ಡಾಕ್ಟರು ನಕ್ಕರು. ನಾಲಿಗೆಯ ಮಾತು ಅಂದು ಯಾರ ಬಾಯಲ್ಲೂ ಬರಲಿಲ್ಲ.

ಮೊದಲ ಸಲ ಬಾಯಿ ತುಂಬ ಹುಣ್ಣಾಯಿತು. ಎರಡನೆಯ ಸಲ ಹುಣ್ಣು ಕಡಿಮೆ, ರುಚಿ ಪೂರಾ ಮಾಯ. "ಬಾಯಾಗ ಕಬ್ಬಿಣದ ಮೊಳಿ ಇಟಗೊಂಡಂಗ ಆಗೈತಿ" ಅಂದಳು. ಸಾರೂ ಮೊಳೆ, ಬೆಲ್ಲವೂ ಮೊಳೆ. ಮೂಗೂ ಕೈಕೊಟ್ಟಿತ್ತು. ನನ್ನ ಹೆಂಡತಿ ಏನು ಮಾಡಿಟ್ಟರೂ ಚಿಗವ್ವ ಎರಡು ತುತ್ತಿಗೆ ತಾಟು ಸರಿಸುತ್ತಿದ್ದಳು.

ಇದೇನು ವಿಚಿತ್ರ? ರೋಗ ಕರುಳಿನಲ್ಲಿ, ಏಟು ನಾಲಿಗೆಗೆ? ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿದೆ.

"ಔಷಧಕ್ಕ ಕ್ಯಾನ್ಸರ್ ಯಾವುದು, ನಾಲಿಗಿ ಯಾವುದು ಗೊತ್ತಾಗಂಗಿಲ್ರಿ" ಅಂದರು. "ಜಲ್ದಿ ಬೆಳಿಯೂದನ್ನ ಹೊಡಿತೈತಿ. ನಾಲಿಗಿ ಮ್ಯಾಲ ಹಳೇ ಕಣ ಹೋಗಿ ಹೊಸಾವು ಹುಟಗೋತನ ಇರತಾವ. ಅವಕ್ಕೂ ಹೊಡತ ಬೀಳತೈತಿ."

ಅಂದರೆ ನನ್ನ ಬಾಯಲ್ಲಿ ಈಗಿರುವುದು ಕಳೆದ ತಿಂಗಳ ನಾಲಿಗೆ ಅಲ್ಲ, ಹೊಸತು? ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲ.

ಚಿಗವ್ವನಿಗೆ ಬೇಕಾಗಿದ್ದ ಉತ್ತರ ಬೇರೆ. "ತಿರಗಿ ಬರತೈತೋ ಇಲ್ಲೋ?"

"ಸಾಮಾನ್ಯವಾಗಿ ಬರತೈತ್ರಿ."

"ಸಾಮಾನ್ಯವಾಗಿ ಅಂದ್ರ?"

ಡಾಕ್ಟರು ಫೈಲು ನೋಡತೊಡಗಿದರು.

ಮೂರನೆಯ ಸಲ ಮುಗಿಸಿಕೊಂಡು ಬೈಲಹೊಂಗಲದ ಬಸ್ಸಿನಲ್ಲಿ ಕುಳಿತಾಗ ಚಿಗವ್ವ ಹೇಳಿದಳು, "ಸಾಕು. ಇನ್ನ ನಾ ಬರಂಗಿಲ್ಲ."

"ಹಂಗಂದ್ರ ಹೆಂಗ? ಜೀವದ ಪ್ರಶ್ನೆ ಐತಿ."

"ಹುಗ್ಗಿಗೆ ಬೆಲ್ಲ ಎಷ್ಟ ಬಿದ್ದೈತಿ ತಿಳಿಯದಾಕಿ, ಜೀವಾ ಇಟಗೊಂಡು ಯಾರ ಅಂಗಳದಾಗ ಹೋಗಿ ನಿಂದರ್ಲಿ?"

ಮರುದಿನ ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಫೋನ್ ಮಾಡಿದೆ. ಅರ್ಧಕ್ಕೆ ಬಿಟ್ಟರೆ ರೋಗ ಮರಳಿ ಬರುವ ಭಯ ಹೆಚ್ಚು ಅಂದರು. ಹಾಗೇ ಹೇಳಿದೆ. ಚಿಗವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

ಅದಾದ ನಾಲ್ಕು ದಿನಕ್ಕೆ ಶುರುವಾಯಿತು ಈ ಸಾರಿನ ಪರೀಕ್ಷೆ. ಹೆಂಡತಿಯನ್ನು ಬಿಟ್ಟು ನಾನೇ ಯಾಕೆ? ಅದನ್ನೂ ಕೇಳಿದೆ.

"ಆಕಿ ನನ್ನ ಮಾರಿ ನೋಡಿ ಚಲೋ ಐತಿ ಅಂತಾಳ. ನಿನಗ ಅಡಗಿ ಬರಂಗಿಲ್ಲ. ಅದಕ್ಕ ಖರೇ ಹೇಳತಿ."

ನಮ್ಮ ಮನೆಯಲ್ಲಿ 'ಚಲೋ' ಎಂಬ ಶಬ್ದಕ್ಕೆ ನಿಷೇಧ ಬಿತ್ತು. ಎರಡು ವಾರ ನಾನು ಕಣ್ಣು ಮುಚ್ಚಿಕೊಂಡು ಉಂಡೆ. ಖಾರ ನುಂಗಿದ ಮೇಲೆ ಬರುತ್ತದೆ. ಹಸಿ ಜೀರಿಗೆ ಬೇರೆ, ಹುರಿದ ಜೀರಿಗೆ ಬೇರೆ. ಇಷ್ಟೊಂದು ಸಂಗತಿ ನನ್ನ ಬಾಯಲ್ಲಿ ದಿನಾ ನಡೆಯುತ್ತಿತ್ತೇ?

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಮಗಳ ಕುಬಸ ಬಂತು. ಅರವತ್ತು ಜನರ ಊಟ. ಕಾಯಿಲೆಯವಳೆಂದು ಅವರು ಕರೆಯಲು ಹಿಂಜರಿದರು. ಚಿಗವ್ವನೇ ಹೋಗಿ ಹಿತ್ತಲಲ್ಲಿ, ಹೊಗೆಯಿಂದ ದೂರ ಕುರ್ಚಿ ಹಾಕಿಸಿಕೊಂಡಳು. ಪಕ್ಕದಲ್ಲಿ ನಾನು. ಒಲೆಯ ಮೇಲೆ ಹುಗ್ಗಿ.

"ನೆಕ್ಕಿ ಹೇಳು."

"ಮೊದಲ ಸಿಹಿ. ಆಮ್ಯಾಲ ಯಾಲಕ್ಕಿ. ಕಡೀಕ ಗಂಟಲ ಹತ್ರ ಏನೋ ಕಹಿ."

"ಎಂಥಾ ಕಹಿ? ಮೆಂತೆದ ಹಂಗೋ, ಸುಟ್ಟ ರೊಟ್ಟಿ ಹಂಗೋ?"

ಇನ್ನೊಮ್ಮೆ ನೆಕ್ಕಿದೆ. "ಸುಟ್ಟ ರೊಟ್ಟಿ."

ಚಿಗವ್ವ ಎದ್ದು ನಿಂತಳು. "ಒಲಿ ಆರಸ್ರಿ. ತಳಾ ಹಿಡ್ಯಾಕತ್ತೈತಿ. ಸೌಟ ಕೆಳಗ ಮುಟ್ಟಸಬ್ಯಾಡ್ರಿ, ಮ್ಯಾಲಿಂದಷ್ಟ ಬ್ಯಾರೆ ಪಾತೇಲಿಗೆ ಹಾಕ್ರಿ."

ಹುಗ್ಗಿ ಉಳಿಯಿತು. ಬಂದವರು ಎರಡೆರಡು ಸಲ ಹಾಕಿಸಿಕೊಂಡರು. ಚಿಗವ್ವ ಒಬ್ಬೊಬ್ಬರ ಎಲೆಯನ್ನೂ ನೋಡುತ್ತ ಓಡಾಡಿದಳು. ಆಪರೇಷನ್ ಆದ ಮೇಲೆ ಅವಳು ಅಷ್ಟು ಹೊತ್ತು ನಿಂತದ್ದನ್ನು ನಾನು ನೋಡಿರಲಿಲ್ಲ.

ಆ ಸಂಜೆ ಮನೆಗೆ ಬಂದವಳೇ ಎರಡು ಸೀರೆ ಮಡಿಚಿ ಚೀಲಕ್ಕೆ ಹಾಕಿದಳು. ನಾಲ್ಕನೆಯ ಕೀಮೋ ಸೋಮವಾರವಿತ್ತು. ಅವಳೇ ಅಂದಳು, "ನಾಲಿಗಿ ಎರವಲ ಸಿಗತೈತಿ. ಕರಳ ಯಾರ ಕೊಡ್ತಾರ?"

ಆರೂ ಮುಗಿದವು. ಐದನೆಯದರಲ್ಲಿ ನಿತ್ರಾಣವಾಗಿ ಗೋಡೆ ಹಿಡಿದು ನಡೆದಳು. ಆದರೂ ಬರುವುದಿಲ್ಲ ಅನ್ನಲಿಲ್ಲ. ಮುಗಿದು ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ, ಮಜ್ಜಿಗೆ ಕುಡಿಯುತ್ತಿದ್ದವಳು ತಟಕ್ಕನೆ ನಿಲ್ಲಿಸಿದಳು.

"ಇದು ಹುಳಿ ಆಗೇತಿ."

"ತಪ್ಪಾತ್ರಿ, ನಿನ್ನೀದ ಇತ್ತು. ಬ್ಯಾರೆ ಕೊಡತೇನಿ" ಎಂದು ನನ್ನ ಹೆಂಡತಿ ಗಾಬರಿಯಾದಳು.

ಚಿಗವ್ವ ಲೋಟ ಮುಂದೆ ಚಾಚಿದಳು. "ಬ್ಯಾರೆ ಬ್ಯಾಡ. ಇದನ್ನ ಇನ್ನೊಂದ ಲೋಟ ಕೊಡು."

ಸಿಹಿ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಮೊನ್ನೆಯ ತಪಾಸಣೆಯಲ್ಲಿ ಏನೂ ಇಲ್ಲ ಅಂದಿದ್ದಾರೆ. ಮೂರು ತಿಂಗಳಿಗೆ ಮತ್ತೆ ಹೋಗಬೇಕು. ಉಗರಗೋಳದ ಒಂದು ಮದುವೆಯ ಅಡುಗೆಗೆ ಅವಳು ಹೂಂ ಅಂದಿದ್ದಾಳೆ. ನನ್ನನ್ನು ಕರೆದಿಲ್ಲ.

ಆ ಆರು ತಿಂಗಳು ಮನೆಗೆ ಬಂದವರೆಲ್ಲ ದಾಳಿಂಬೆ ತಿನ್ನು, ಬದನೆಕಾಯಿ ಬಿಡು ಎಂದು ಹೇಳಿ ಹೋದರು. ನಾನೂ ಹೇಳಿದವನೇ. ತಿಂದದ್ದು ನಿನಗೆ ಹೇಗೆ ಹತ್ತುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು?