ಬಸಳೆಯ ಬುಡಕ್ಕೆ ಸುರಿದ ಹಾಲು

ಜಪಾನಿನ ಸಮುದ್ರದ ದಂಡೆಯಲ್ಲಿದ್ದ ಅಣುವಿದ್ಯುತ್ ಸ್ಥಾವರ ಕೆಟ್ಟು ವಿಕಿರಣ ಹೊರಬಿತ್ತೆಂದು ಟಿವಿಯಲ್ಲಿ ತೋರಿಸುತ್ತಿದ್ದ ದಿನಗಳಲ್ಲಿ ನಾನು ನಾಲ್ಕು ತಿಂಗಳ ಬಸುರಿ. ಅದಕ್ಕೆ ಮೊದಲು ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತು. ನನ್ನ ಗಂಡ ಚಿಕ್ಕಜಾಜೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ನಾನು ಬಿ.ದುರ್ಗದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ.

ಊರಿಗೆ ಮೊದಲು ಬಂದದ್ದು ಮೆಸೇಜು. ಮಳೆ ಬಂದರೆ ಹೊರಗೆ ಹೋಗಬೇಡಿ, ಮೈಮೇಲೆ ಬಿದ್ದರೆ ಚರ್ಮ ಸುಡುತ್ತದೆ, ಕೂದಲು ಉದುರುತ್ತದೆ, ಹತ್ತು ಜನರಿಗೆ ಕಳಿಸಿ. ಸಂಜೆಯೊಳಗೆ ಅದಕ್ಕೆ ಕೈಕಾಲು ಮೂಡಿದ್ದವು. ಹೊಸದುರ್ಗದಲ್ಲಿ ಯಾರಿಗೋ ಬೆನ್ನೆಲ್ಲ ಬೊಬ್ಬೆ ಎದ್ದಿದೆಯಂತೆ. ಹಿರಿಯೂರಿನಲ್ಲಿ ಕುರಿಗಳು ಬಿದ್ದವಂತೆ. ಹೊಸದುರ್ಗದಿಂದ ಬಂದವರನ್ನು ಕೇಳಿದರೆ, ನಮ್ಮಲ್ಲಲ್ಲ, ಹೊಳಲ್ಕೆರೆಯಲ್ಲಿ ಎನ್ನುತ್ತಿದ್ದರು.

ಹೆಡ್‌ಮಾಸ್ಟರು ನನ್ನನ್ನು ಕರೆದರು. “ಮೇಡಂ, ನೀವು ಸೈನ್ಸಿನೋರು. ಪ್ರೇಯರಿನಾಗೆ ಎರಡು ಮಾತು ಹೇಳ್ರಿ. ಮಕ್ಳು ಹೆದರ್ಕಂಡವೆ.”

ಹೇಳಿದೆ. ಅಷ್ಟು ದೂರದಿಂದ ಗಾಳಿಯಲ್ಲಿ ಬರುವಷ್ಟರಲ್ಲಿ ಅದು ಚದುರಿಹೋಗಿರುತ್ತದೆ, ನಮಗೆ ತೊಂದರೆ ಇಲ್ಲ ಎಂದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. “ಇಲ್ಲಿ ಯಾರು ಅಳತೆ ಮಾಡಿ ನೋಡಿದ್ರು ಮಿಸ್?”

“ಸರ್ಕಾರದವರು ನೋಡ್ತಾ ಇರ್ತಾರೆ” ಎಂದೆ. ಅವಳು ಕೈ ಇಳಿಸಿದಳು. ನನಗೆ ನನ್ನ ಉತ್ತರದ ಮೇಲೆಯೇ ನಂಬಿಕೆ ಇರಲಿಲ್ಲ.

ಆ ವಾರ ಪೇಪರಿನಲ್ಲಿ ಒಂದು ಲೇಖನ ಓದಿದೆ. ವಿಕಿರಣದ ಅಯೋಡಿನ್ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳ ಗಂಟಲಿನ ಥೈರಾಯ್ಡ್ ಗ್ರಂಥಿಗೆ ಹೋಗುತ್ತದೆ. ಜಪಾನಿನ ಹಾಲಿನ ಬಗ್ಗೆ ಬರೆದಿದ್ದರು. ನನ್ನ ಕಣ್ಣ ಮುಂದೆ ಬಂದದ್ದು ಮಾತ್ರ ನಮ್ಮ ಹಾಲಿನ ಅಜ್ಜಿಯ ಹಸು.

ಅಜ್ಜಿ ಕುರಿ ಕಾಯುವ ಮನೆತನದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಳಿಯ ಆಚೆ ಒಂದು ಹಸು, ಹತ್ತಾರು ಕುರಿ ಇಟ್ಟುಕೊಂಡು ಒಬ್ಬಳೇ ಇದ್ದಳು. ನಾನು ಬಸುರಿ ಎಂದು ಗೊತ್ತಾದ ಮೇಲೆ, ನಾನು ಬೇಡವೆಂದರೂ, ಅರ್ಧ ಲೀಟರಿನ ಮೇಲೆ ಇನ್ನೊಂದು ಲೋಟ ಹಾಲು ಸುರಿದು ಹೋಗುತ್ತಿದ್ದಳು.

ಆ ಹಾಲನ್ನು ನಾನು ಹಿತ್ತಲಿನ ಬಸಳೆಯ ಬುಡಕ್ಕೆ ಸುರಿಯತೊಡಗಿದೆ. ಗಂಡನಿಗೂ ಹೇಳಲಿಲ್ಲ. ಪ್ಯಾಕೆಟ್ ಹಾಲು ತರೋಣವೆಂದರೆ ಅದೂ ಎಲ್ಲಿಯದೋ ಹುಲ್ಲು ತಿಂದ ಹಸುವಿನದೇ. ಕೊನೆಗೆ ಚಿತ್ರದುರ್ಗಕ್ಕೆ ಹೋದಾಗ ಮೆಡಿಕಲ್ ಶಾಪಿನಲ್ಲಿ ಹಾಲಿನ ಪುಡಿಯ ಡಬ್ಬಗಳನ್ನು ತಿರುಗಿಸಿ ತಿರುಗಿಸಿ ತಾರೀಖು ನೋಡಿದೆ. ಅಪಘಾತಕ್ಕೆ ಮೊದಲು ತಯಾರಾದದ್ದೇ ಬೇಕಿತ್ತು. ಅಂಗಡಿಯವನು ನನ್ನನ್ನು ಒಂಥರಾ ನೋಡಿದ. ಎರಡು ಡಬ್ಬ ತಂದು ಅಕ್ಕಿಯ ಡ್ರಮ್ಮಿನ ಹಿಂದೆ ಇಟ್ಟೆ. ಶಾಲೆಯಲ್ಲಿ ಮಾತ್ರ ದಿನವೂ ಮಕ್ಕಳಿಗೆ ಹೆದರಬೇಡಿ ಎನ್ನುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ನಾವಿದ್ದ ರೈಲ್ವೆ ಕ್ವಾರ್ಟರ್ಸಿನಲ್ಲಿ ಗದ್ದಲ. ಒಣಹಾಕಿದ್ದ ಬಟ್ಟೆಗಳ ಮೇಲೆಲ್ಲ ಹಳದಿ ಹನಿಗಳು. ನನ್ನ ಗಂಡನ ಬಿಳಿ ಅಂಗಿಯ ಬೆನ್ನ ತುಂಬ ಅರಿಶಿನ ಚಿಮುಕಿಸಿದಂತಿತ್ತು. ಬೈಕುಗಳ ಸೀಟಿನ ಮೇಲೆ, ತುಳಸಿಯ ಎಲೆಗಳ ಮೇಲೂ ಅದೇ. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ.

“ಮಳೆನೇ ಇಲ್ಲ, ಇದೆಲ್ಲಿಂದ ಬಿತ್ರೀ?” ಎಂದು ಪಕ್ಕದ ಮನೆಯಾಕೆ ಕೇಳಿದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು “ಯಾರೂ ಮುಟ್ಟಬೇಡಿ” ಎಂದಷ್ಟೇ ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಆಗಲೇ ಅಜ್ಜಿ ಬಂದಳು. ಕಿಟಕಿಯಿಂದಲೇ “ಇವತ್ತು ಹಾಲು ಬೇಡ ಅಜ್ಜಿ” ಎಂದೆ.

ಅವಳು ಕದಲಲಿಲ್ಲ. “ಬ್ಯಾಡಾಗಿರಾದು ಇವತ್ತಿಂದಲ್ಲ ಬಿಡ್ರಿ ಟೀಚರಮ್ಮ. ನೀವು ಬಸಳೆ ಬುಡುಕ್ಕೆ ಸುರಿಯಾದು ನಾನು ನೋಡೀನಿ. ಇರುವೆ ಮುತ್ಕಂಡಿದ್ವು.”

ನಾನು ಕಿಟಕಿಯ ಸರಳು ಹಿಡಿದುಕೊಂಡೆ.

“ನೀರು ಬೆರಸ್ತೀನಿ ಅಂತಾನಾ?”

“ಅಯ್ಯೋ, ಇಲ್ಲಜ್ಜಿ.”

“ಮತ್ತೇನು? ಮಕ್ಳಿಲ್ದೋಳ ಕೈ ಹಾಲು ಬಸ್ರಿ ಹೆಂಗ್ಸಿಗೆ ಆಗಲ್ಲ ಅಂತಾನಾ? ಹಂಗಿದ್ರೆ ಬಾಯ್ಬಿಟ್ಟು ಹೇಳ್ಬೌದಿತ್ತು. ನಾನು ಬ್ಯಾರೆ ಮನೆಗೆ ಕೊಡ್ತಿದ್ದೆ.”

ಬಾಗಿಲು ತೆರೆದೆ. ಇಷ್ಟು ದಿನ ನಾನು ಹಾಲನ್ನು ಅನುಮಾನಿಸುತ್ತಿದ್ದರೆ ಅವಳು, ನಾನು ತನ್ನನ್ನೇ ಅನುಮಾನಿಸುತ್ತಿದ್ದೇನೆಂದು ತಿಳಿದು, ದಿನವೂ ಅದೇ ಹಾಲನ್ನು ತಂದು ಕೊಟ್ಟು ಹೋಗಿದ್ದಳು. ಅವಳನ್ನು ಕೂರಿಸಿ ಎಲ್ಲ ಹೇಳಿದೆ: ಜಪಾನು, ಗಾಳಿ, ಹುಲ್ಲು, ಹಾಲು, ಇಳಿದುಹೋದ ಎರಡು ಗರ್ಭ. ಕಡೆಗೆ ಅಂಗಿಯ ಮೇಲಿನ ಹನಿಗಳನ್ನು ತೋರಿಸಿದೆ.

ಅವಳು ಒಂದು ಹನಿಯನ್ನು ಉಗುರಿನಿಂದ ಕೆರೆದು ಮೂಸಿದಳು. “ಇದು ಹೆಜ್ಜೇನು ಹಿಕ್ಕೆ ಹಾಕಿರಾದು ಕಣ್ರಿ! ಬರ್ರಿ, ತೋರುಸ್ತೀನಿ.”

ಸ್ಟೇಷನ್ನಿನ ಆಚೆಯ ನೀರಿನ ಟ್ಯಾಂಕಿನ ಅಡಿಯಲ್ಲಿ ಹೆಜ್ಜೇನುಗಳು ಕಪ್ಪಗೆ ಜೋತುಬಿದ್ದಿದ್ದವು. ದೂರದಲ್ಲಿ ನಿಂತು ನೋಡಿದೆವು. ಸ್ವಲ್ಪ ಹೊತ್ತಿಗೆ ಒಂದು ಗೂಡಿನ ಹುಳಗಳೆಲ್ಲ ಒಟ್ಟಿಗೆ ಎದ್ದು ಕ್ವಾರ್ಟರ್ಸಿನ ಮೇಲೆ ಒಂದು ಸುತ್ತು ಹಾಕಿ ಬಂದವು. ನನ್ನ ಸೆರಗಿನ ಮೇಲೆ ಟಪ್ಪೆಂದು ಎರಡು ಹಳದಿ ಹನಿ ಬಿದ್ದವು. “ಬೇವು ಹೂ ಬಿಟ್ಟಾಗೆಲ್ಲ ಹಿಂಗೇ. ನಮ್ ಕುರಿ ಬೆನ್ನೆಲ್ಲ ಹಳದಿ ಆಗಿರ್ತೈತೆ” ಎಂದಳು. ಸೋಮವಾರ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆ. ಹೂವಿನ ಪರಾಗವೇ.

ಹನಿಯ ಸಂಶಯ ಅಲ್ಲಿಗೆ ಮುಗಿಯಿತು. ಹಾಲಿನದು ಮುಗಿಯಲಿಲ್ಲ. ಮಾರನೇ ದಿನ ಅಜ್ಜಿ ಹಾಲು ಅಳೆಯುವ ಮೊದಲು ತಾನೇ ಒಂದು ಲೋಟ ಬಗ್ಗಿಸಿಕೊಂಡು, ನನ್ನನ್ನೇ ನೋಡುತ್ತ ಕುಡಿದಳು. ನಾನೂ ಕಾಯಿಸಿ ಕುಡಿದೆ. ಆ ದಿನವೆಲ್ಲ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಪಾಠ ಮಾಡಿದೆ. ಆಮೇಲೆ ದಿನವೂ ಕುಡಿದೆ, ಪ್ರತಿದಿನವೂ ಹೆದರುತ್ತಲೇ.

ಶ್ರಾವಣದಲ್ಲಿ ಮಗಳು ಹುಟ್ಟಿದಳು. ನರ್ಸು ಕೈಗೆ ಕೊಟ್ಟ ಕೂಡಲೇ ಬೆರಳು ಎಣಿಸಿದೆ, ಕುತ್ತಿಗೆಯನ್ನು ಒತ್ತಿ ಒತ್ತಿ ನೋಡಿದೆ. ಎಲ್ಲ ಸರಿಯಾಗಿತ್ತು.

ಮನೆಗೆ ಬಂದ ಮೇಲೆ ಅಜ್ಜಿ ತುಪ್ಪ ತಂದಳು. ನಾನು ಮಗುವಿಗೆ ಹಾಲು ಕುಡಿಸುತ್ತಿದ್ದೆ. ಅವಳು ತುಸು ಹೊತ್ತು ನೋಡಿ ಕೇಳಿದಳು. “ಟೀಚರಮ್ಮ, ನಿಮ್ ಹಾಲಿಗೆ ಆ ಜಪಾನಿನ ಗಾಳಿ ಏನೂ ಮಾಡಿಲ್ಲ ತಾನೆ?”

ಮುಖದಲ್ಲಿ ನಗೆಯಿರಲಿಲ್ಲ. ಕಾಳಜಿಯಿಂದ ಕೇಳಿದಳೋ, ಚುಚ್ಚಲೆಂದೇ ಕೇಳಿದಳೋ, ನನಗೆ ಇವತ್ತಿಗೂ ತಿಳಿದಿಲ್ಲ. “ಏನೂ ಆಗಿಲ್ಲಜ್ಜಿ” ಎಂದೆ. ಅವಳು ತುಪ್ಪದ ಡಬ್ಬಿಯನ್ನು ಬಾಣಂತನಕ್ಕೆ ಬಂದಿದ್ದ ನನ್ನ ತಾಯಿಯ ಕೈಗೆ ಕೊಟ್ಟು, ಮಗುವಿನ ಪಾದ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.