ಒಡೆಯದ ಚಿಪ್ಪು

ಮೌನಮ್ಮನಿಗೆ ಏಡಿ ಹಿಡಿಯುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಕೊಡೇಕಲ್ ಕಡೆಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುತ್ತಲೇ ಅವಳಿಗೆ ಐವತ್ತು ದಾಟಿತ್ತು. ಹೆಸರಿಗಷ್ಟೇ ಮೌನ, ಬಾಯಿ ತೆರೆದರೆ ನಮ್ಮ ಶಾಲೆಯ ಗಂಟೆಯೂ ಕೇಳಿಸದು. ಶಾಲೆಯ ಹಿಂದಿನ ಮನೆಯೇ ಅವಳದು. ನಾನು ಅಲ್ಲಿ ಟೀಚರು. ಅವಳ ಬಾಯಲ್ಲಿ ಅಕ್ಕೋರು.

ಅವಳ ಗಂಡ ಲಾಲಪ್ಪ ಶಹಾಪುರದ ಕಡೆ ಕಲ್ಲು ಪುಡಿ ಮಾಡುವ ಮಷೀನಿನಲ್ಲಿ ಇಪ್ಪತ್ತು ವರ್ಷ ದುಡಿದು, ಎದೆ ತುಂಬ ಧೂಳು ತುಂಬಿಕೊಂಡು ಮನೆಗೆ ಬಂದಿದ್ದ. ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿಯಬೇಕು. ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದ ಮೇಲೆ ಮೌನಮ್ಮ ಏಡಿ ಸಾರನ್ನೇ ನಂಬಿದಳು. ಏಡಿಯನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಮೆಣಸು ಬೆಳ್ಳುಳ್ಳಿ ಹಾಕಿ ಕುದಿಸಿದ ಸಾರು. ಕುಡಿದ ದಿನ ಅವನ ಉಸಿರು ಸ್ವಲ್ಪ ಹಗುರಾಗುತ್ತಿತ್ತಂತೆ. ನನಗೆ ನಂಬಿಕೆಯಿರಲಿಲ್ಲ. ಆದರೆ ಬೇಡವೆನ್ನಲು ನನ್ನ ಹತ್ತಿರ ಬೇರೆ ಮದ್ದೇನಿತ್ತು?

ಸಿಕ್ಕ ಸಿಕ್ಕ ಏಡಿ ಅವಳಿಗೆ ಬೇಡ. ಬಸವನಹುಳು, ನಮ್ಮ ಕಡೆಯ ಶಂಖದ ಹುಳ, ತಿಂದು ಬಲಿತದ್ದೇ ಬೇಕು. ಒಮ್ಮೆ ನನ್ನನ್ನೂ ಬದುವಿನ ಮೇಲೆ ಕೂರಿಸಿ ತೋರಿಸಿದ್ದಳು. ಏಡಿ ಹತ್ತಿರ ಬಂದೊಡನೆ ಹುಳ ಚಿಪ್ಪಿನೊಳಗೆ ಸರಿದು, ಅದರ ಬಾಯಿಗೆ ಮುಚ್ಚಳದಂಥ ಬಾಗಿಲು ಹಾಕಿಕೊಂಡಿತು. ಏಡಿಗೆ ಅವಸರವಿಲ್ಲ. ಸಣ್ಣ ಇಕ್ಕಳದಲ್ಲಿ ಚಿಪ್ಪನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿತು. ಬಾಯಿಯ ಅಂಚಿಗೆ ದೊಡ್ಡ ಇಕ್ಕಳ ಹಾಕಿ, ಒಣಗಿ ಗರಿಗರಿಯಾದ ಕಟಕ ರೊಟ್ಟಿ ಮುರಿದ ಹಾಗೆ ಚೂರು ಚೂರೇ ಮುರಿಯುತ್ತ ಹೋಯಿತು. ಹುಳ ಹಿಂದೆ ಹಿಂದೆ ಸರಿಯಿತು. ಸರಿಯಲು ಜಾಗ ಮುಗಿದಾಗ ಏಡಿ ಮಾಂಸ ಎಳೆದುಕೊಂಡಿತು.

"ಚಿಪ್ಪ ಭಾಳ ಗಟ್ಟಿ ಇದ್ರ ಬಿಟ್ಟು ಹೋಗ್ತದರಿ ಅಕ್ಕೋರ. ಒಮ್ಮೊಮ್ಮಿ ಇಕ್ಕಳಾನ ಮುರಕೊಂತದ," ಎಂದಳು ಮೌನಮ್ಮ. "ಬಿಲದ ಬಾಯಾಗ ಚಿಪ್ಪ ಬಿದ್ದಿದ್ರ ಅಲ್ಲೇ ಕೈ ಹಾಕಬೇಕು. ಏಡಿ ಉಣ್ಣಾಕತ್ತದ ಅಂದ್ರ ನೀರು ಚಲೋ ಅದ ಅಂತ."

ನೀರಿನ ಬಗ್ಗೆ ಅವಳಿಗೆ ಎಚ್ಚರವಿತ್ತು. ಗದ್ದೆಗೆ ಗುಳಿಗೆ, ಅಂದರೆ ಹುಳ ಸಾಯಿಸುವ ವಿಷದ ಕಾಳು ಹಾಕಿದವರು ಬದುವಿನ ಮೇಲೆ ಕೋಲು ನೆಟ್ಟು ಬೇವಿನ ತೊಪ್ಪಲು ಕಟ್ಟುವುದು ನಮ್ಮೂರಿನ ರೂಢಿ. ತೊಪ್ಪಲು ಕಂಡ ಕಡೆ ಅವಳು ಇಳಿಯುತ್ತಿರಲಿಲ್ಲ.

ಹೋದ ವರ್ಷ ನಾಟಿಯಾದ ಮೇಲೆ, ಶಂಖದ ಹುಳ ಸಸಿ ತಿನ್ನುತ್ತವೆಂದು ನಮ್ಮೂರ ರೈತ ನೀಲಕಂಠ ತನ್ನ ಮೇಲಿನ ಗದ್ದೆಗೆ ಗುಳಿಗೆ ಚೆಲ್ಲಿದ. ತೊಪ್ಪಲು ಕಟ್ಟಿದ. ನೀರಿಗೆ ಒಡ್ಡು ಕಟ್ಟಲಿಲ್ಲ. ಅದು ಕೆಳಗಿನ ಹಳ್ಳಕ್ಕೆ ಹರಿಯಿತು. ತೊಪ್ಪಲು ನೋಡಿ ನೀರು ನಿಲ್ಲುತ್ತದೆಯೇ? ಅವನನ್ನು ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ, ದಂಡೆಯಲ್ಲಿ ತೊಪ್ಪಲು ಕಾಣದೆ, ಮೌನಮ್ಮ ಆ ಹಳ್ಳಕ್ಕೆ ಇಳಿದಳು. ಒಂದು ಬಿಲದ ಮುಂದೆ ಹತ್ತಾರು ಚಿಪ್ಪು, ಎಲ್ಲ ಖಾಲಿ. ಒಂದರ ಅಂಚೂ ಮುರಿದಿರಲಿಲ್ಲ. ಒಡೆಯದೆಯೇ ತಿಂದಿದೆ ಎಂದರೆ ಎಂಥ ಪಳಗಿದ ಏಡಿ! ಹಿಗ್ಗಿನಿಂದ ಕೈ ಹಾಕಿದಳು. ಅಂಗೈ ಅಗಲದ ಏಡಿ ಕಚ್ಚದೆ ಕೈಗೆ ಬಂತು. ಶಾಲೆಯ ಗೇಟಿಗೆ ಬಂದು ನನಗೂ ತೋರಿಸಿದಳು.

"ನೋಡ್ರಿ ಅಕ್ಕೋರ, ಒಂದ ಚಿಪ್ಪನೂ ಒಡದಿಲ್ಲ ಇದು. ಇವತ್ತ ನಮ್ಮ ಮನಿಯವ್ರ ನಸೀಬ ತೆರೀತು."

ನಾನು ನಕ್ಕು ಪಾಠಕ್ಕೆ ಹೋದೆ.

ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದಾಗ ಅವಳ ಕೂಗು ಕೇಳಿತು. ಲಾಲಪ್ಪನ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಮೊದಲೇ ಇಲ್ಲದ ಉಸಿರು ಈಗ ಗೊರಗೊರ. ನಮ್ಮೂರ ಇನಾಯತನ ಟಂಟಂ ಆಟೋದಲ್ಲಿ ಸುರಪುರಕ್ಕೆ ಒಯ್ದೆವು. ದಾರಿಯುದ್ದಕ್ಕೂ ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಜೊಲ್ಲು ಒರೆಸುತ್ತಿದ್ದವಳು ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕೈ ಹಿಡಿದಳು.

"ಗುಳಿಗಿ ನೀರಿಗೆ ಸಾಯೋ ಹುಳಕ್ಕ ಬಾಗಲಾ ಹಾಕ್ಕೊಳ್ಳಾಕ ಆಗಿಲ್ಲರಿ. ಅದಕ್ಕ ಏಡಿ ಚಿಪ್ಪ ಒಡೀದ ತಿಂದದ. ಕಣ್ಣಾರೆ ನೋಡೀನಿ, ತಿಳೀಲಿಲ್ಲ ನನಗ."

ಸಂಜೆ ಐದಕ್ಕೆ ಡಾಕ್ಟರು ಹೊರಗೆ ಬಂದು, ಉಸಿರು ನಿಂತಿತು ಎಂದರು. ಆಮೇಲೆ ಅವಳ ಕಣ್ಣು, ನಾಡಿ ನೋಡುತ್ತ ಕೇಳಿದರು: "ಆ ಸಾರು ನೀವೂ ಕುಡಿದಿದ್ದೀರೇನಮ್ಮಾ?"

"ಇಲ್ರಿ," ಎಂದಳು ಮೌನಮ್ಮ. "ದಿನಾ ಉಪ್ಪು ನೋಡಾಕ ಒಂದ ಗುಟುಕು ಕುಡೀತಿದ್ದೆ. ಇವತ್ತ ಚಲೋ ಏಡಿ ಅಂತ ಒಂದ ಹನಿನೂ ಮುಟ್ಟಿಲ್ಲ. ಎಲ್ಲಾ ಅವ್ರಿಗೇ ಕುಡಿಸೀನ್ರಿ."