ಏಳು ಮನೆ ತಿರುಗಿದ ಸಾಲ

ಬಡ್ಡಿಯಿಲ್ಲದ ಕ್ರೆಡಿಟ್ ಕಾರ್ಡಿನ ಮಾತು ಬಿಟ್ಟು ಬೇರೆ ಮಾತೇ ಬಾಯಲ್ಲಿ ಬಾರದ ಅವನನ್ನು ಮನೆಯಲ್ಲೂ ಆಫೀಸಿನಲ್ಲೂ ಎಲ್ಲರೂ ಜೀರೋ ಭಾವ ಎಂದೇ ಕರೆಯುತ್ತಿದ್ದರು. “ಬಡ್ಡಿ ಕಟ್ಟೋದು ಪೆದ್ದರ ಕೆಲಸ ಕಣಯ್ಯಾ,” ಎಂದು ಬೇರೆಯವರ ದುಡ್ಡಿನ ಚಹಾ ಹೀರುತ್ತ ಉಪದೇಶ ಕೊಡುತ್ತಿದ್ದ. ಒಂದು ಕಾರ್ಡಿನ ಬಡ್ಡಿರಹಿತ ಅವಧಿ ಮುಗಿಯುವ ಮುನ್ನವೇ, ಬೆಕ್ಕು ತನ್ನ ಮರಿಯನ್ನು ಏಳು ಮನೆ ತಿರುಗಿಸುವಂತೆ, ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ದಾಟಿಸುತ್ತಿದ್ದ. ಪ್ರತಿ ಸಲವೂ ವರ್ಗಾವಣೆ ಶುಲ್ಕ ತಿಂದು ಮರಿ ಇನ್ನಷ್ಟು ಕೊಬ್ಬಿರುತ್ತಿತ್ತು. “ಸಾಲ ತೀರ್ತೇನ್ರೀ?” ಎಂದು ಹೆಂಡತಿ ಕೇಳಿದರೆ, “ತೀರೋದ್ಯಾಕೆ, ಸಾಗ್ತಾ ಇದೆಯಲ್ಲ!” ಎಂದು ಗದರುತ್ತಿದ್ದ. ಅವನ ಹೆಸರಿಗೆ ಬ್ಯಾಂಕುಗಳು ಬಾಗಿಲು ಹಾಕಿದ ಮೇಲೆ ಅವಳ ಹೆಸರಿನಲ್ಲಿ ಕಾರ್ಡು ಬಂತು. ಹೆಂಡತಿಯ ಹೆಸರಿಗೂ ಬಾಗಿಲು ಹಾಕಿದ ವರ್ಷ, ಮಗಳ ಹುಟ್ಟುಹಬ್ಬವನ್ನು ಎಂದೂ ನೆನಪಿಡದವನು ಅವಳಿಗೆ ಹದಿನೆಂಟು ತುಂಬಿದ ದಿನ ತಾನೇ ಹೋಗಿ ಕೇಕ್ ತಂದ. ಮಗಳ ಕಣ್ಣು ತುಂಬಿ ಬಂತು. “ಈ ದಿನಕ್ಕೇ ಕಾಯ್ತಿದ್ದೆ ಪುಟ್ಟಾ,” ಎಂದ, ಅದೇನೂ ಸುಳ್ಳಲ್ಲ. ಅವಳು ಬಾಯಿಗಿಟ್ಟ ಮೊದಲ ತುಂಡು ಗಂಟಲಲ್ಲಿ ಇಳಿಯುವ ಮೊದಲೇ ಕಾರ್ಡಿನ ಅರ್ಜಿಯನ್ನೂ ಪೆನ್ನನ್ನೂ ಅವಳ ಮುಂದಿಟ್ಟ. “ಎಲ್ಲಿ ಸೈನ್ ಮಾಡ್ಲಿ ಅಪ್ಪಾ?” ಎಂದಳು ಅವಳು, ಓದುವ ಗೋಜಿಗೇ ಹೋಗದೆ. ತೋರಿಸುವಾಗ ಅವನು ಅವಳ ಮುಖ ನೋಡಲಿಲ್ಲ. ಆದರೆ ಬೆರಳು ಜಾಗ ತಪ್ಪಲಿಲ್ಲ.